ತೊಳೆಯದ ಕಾಲು

ಇದನ್ನು ಹೇಳುವುದನ್ನು ನಾನು ಬಹಳ ಕಾಲದಿಂದ ಮುಂದಕ್ಕೆ ತಳ್ಳುತ್ತ ಬಂದಿದ್ದೇನೆ. ಯಳಂದೂರಿನ ಕಡೆಯ ಏಳೆಂಟು ಜನ ಎಳೆಯರು ರೇಷ್ಮೆ ಹುಳ ಸಾಕುವುದನ್ನು ಒಟ್ಟಿಗೆ ಕಲಿಯುತ್ತಿದ್ದಾರೆ. ಹದಿನೈದು ದಿನಕ್ಕೊಮ್ಮೆ ಯಾರಾದರೊಬ್ಬರ ಜಗಲಿಯಲ್ಲಿ ಸೇರುತ್ತಾರೆ. ಅವರಲ್ಲೊಬ್ಬಳು ಹೋದ ವರ್ಷ ಮಾಂಬಳ್ಳಿಯ ನನ್ನ ಮನೆಗೆ ಬಂದು, “ನೀವೂ ಇಂದೆ ಇಂಗೇ ಕೂಟ ಮಾಡ್ಕಂಡಿದ್ರಂತಲ್ಲ ತಾತ, ಅದೆಂಗ್ ನಡೀತಿತ್ತು ಅಂತ ನಾಕ್ ಪುಟ ಬರ್ಕೊಡಿ” ಎಂದಳು. ಒಪ್ಪಿಕೊಂಡೆ. ಆಮೇಲೆ ಕನ್ನಡಕ ಸರಿಯಿಲ್ಲ ಎಂದೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಕೈ ನಡುಗುತ್ತದೆ ಎಂದೆ. ನನ್ನ ಕೈ ನಡುಗುವುದಿಲ್ಲ. ಆ ಹುಡುಗಿ ನನ್ನ ಮಾತನ್ನು ನಂಬಿ ಹೋದಳು, ಅದೇ ನನಗೆ ಹೆಚ್ಚು ಚುಚ್ಚಿತು.

ನಮ್ಮ ಕೂಟಕ್ಕೆ ಒಂದು ಕಟ್ಟಳೆಯಿತ್ತು. ಕೂತ ಕೂಡಲೇ ಪ್ರತಿಯೊಬ್ಬರೂ ತಮ್ಮ ಹುಳದ ಮನೆಯಲ್ಲಿ ಆ ಹದಿನೈದು ದಿನ ಏನು ಕೆಟ್ಟಿತು ಎಂಬುದನ್ನು ಮೊದಲು ಹೇಳಬೇಕು. ಒಳ್ಳೆಯದು ಆಮೇಲೆ. ಕೆಟ್ಟದ್ದನ್ನು ಹೇಳದವರು ಒಳ್ಳೆಯದನ್ನು ಹೇಳುವ ಹಾಗಿಲ್ಲ. ಆದ್ದರಿಂದ ನಾನೂ ಕೆಟ್ಟದ್ದರಿಂದಲೇ ಶುರು ಮಾಡುತ್ತೇನೆ. ಒಳ್ಳೆಯದು ಉಳಿದರೆ ನೋಡೋಣ.

ರೇಷ್ಮೆ ಸಾಕದವರಿಗೆ ಒಂದು ಮಾತು ಹೇಳಬೇಕು. ಹುಳ ಸಾಕುವವರು ಅಡುಗೆಮನೆಗೆ ಬೇಕಾದರೆ ಯಾರನ್ನಾದರೂ ಬಿಟ್ಟುಕೊಂಡಾರು, ಹುಳದ ಮನೆಗೆ ಬಿಟ್ಟುಕೊಳ್ಳುವುದಿಲ್ಲ. ತಲೆಗೆ ಘಮಘಮ ಎಣ್ಣೆ ಹಚ್ಚಿದವರು ಬರಬಾರದು, ಬೀಡಿ ಸೇದಿದವರು ಬರಬಾರದು. ಕಣ್ಣು ಹಾಕುವವರು ಬರಬಾರದು ಎಂದು ನನ್ನ ತಾಯಿ ಬಾಗಿಲಿಗೆ ಬೂದುಗುಂಬಳಕಾಯಿ ಕಟ್ಟುತ್ತಿದ್ದಳು. ಇದರಲ್ಲಿ ಅರ್ಧ ಮೂಢನಂಬಿಕೆ, ಅರ್ಧ ಬುದ್ಧಿ. ಹುಳಕ್ಕೆ ಬರುವ ರೋಗಗಳು ಮನುಷ್ಯರ ಕೈಕಾಲಿನ ಮೇಲೆ ಸವಾರಿ ಮಾಡಿಕೊಂಡು ಬರುತ್ತವೆ. ಒಂದು ಮನೆಯ ಹಾಲುಹುಳದ ರೋಗ ಇನ್ನೊಂದು ಮನೆಗೆ ಹೋಗಲು ಒಂದು ಚಪ್ಪಲಿ ಸಾಕು.

ಹತ್ತು ಹನ್ನೆರಡು ವರ್ಷದ ಹಿಂದೆ ಇಂಥ ಬಾಗಿಲುಗಳನ್ನು ತೆರೆಸಿದವರು ಕೊಳ್ಳೇಗಾಲದ ಒಬ್ಬ ನಿವೃತ್ತ ಮೇಷ್ಟ್ರು. ನಿವೃತ್ತಿಯ ಮೇಲೆ ಒಂದೆಕರೆ ಹಿಪ್ಪುನೇರಳೆ ಹಾಕಿ, ಮೊದಲ ಎರಡು ಬೆಳೆಯನ್ನು ಪೂರ್ತಿ ಕಳೆದುಕೊಂಡಿದ್ದರು. ಗೂಡಿನ ಮಾರುಕಟ್ಟೆಯಲ್ಲಿ ನಮ್ಮ ಸರದಿಗೆ ಕಾಯುತ್ತ ಕೂತಿದ್ದಾಗ ಅದನ್ನು ನಗುನಗುತ್ತ ನಮಗೆಲ್ಲ ಹೇಳಿದರು. “ನಾವು ಒಬ್ಬೊಬ್ಬರೇ ಒಂದೊಂದು ತಪ್ಪು ಮಾಡಿ ಕಲಿಯೋ ಹೊತ್ತಿಗೆ ಆಯಸ್ಸು ಮುಗಿಯುತ್ತೆ. ನಿಮ್ಮ ತಪ್ಪು ನನಗೆ ಕೊಡಿ, ನನ್ನದು ನೀವು ತಗೊಳ್ಳಿ” ಎಂದರು. ಒಂಬತ್ತು ಜನ ಸೇರಿದೆವು.

ನಾನು ಸೇರಿದ್ದು ಕಲಿಯುವುದಕ್ಕಲ್ಲ. ಮೇಷ್ಟ್ರ ಹೊಟ್ಟೆಯೊಳಗೆ ಏನಿದೆ ಎಂದು ತಿಳಿಯುವುದಕ್ಕೆ. ಪುಕ್ಕಟೆಯಾಗಿ ಹೇಳಿಕೊಡುವವನ ಹಿಂದೆ ಏನೋ ಇದ್ದೇ ಇರುತ್ತದೆ ಎಂಬುದು ನನ್ನ ಲೆಕ್ಕ. ಔಷಧಿ ಕಂಪನಿಯವರು ಇವರನ್ನು ಬಿಟ್ಟಿದ್ದಾರೆಯೇ? ಚುನಾವಣೆಗೆ ನಿಲ್ಲುತ್ತಾರೆಯೇ? ಈ ಅನುಮಾನವನ್ನು ಅಗರದ ಗೆಳೆಯನೊಬ್ಬನಿಗೆ ಹೇಳಿದೆ. ಅವನೂ ಕೂಟದವನೇ, ಮಾತಿನಲ್ಲಿ ಬಲು ಹಗುರ, ಮನಸ್ಸಿನಲ್ಲಿ ಅಷ್ಟೇ ನೇರ. ಅವನು ಬಿದ್ದುಬಿದ್ದು ನಕ್ಕ.

“ಲೇ, ಅವ್ರು ನಮ್ಗೆ ಪಾಠ ಏಳ್ದೆ ಓದ್ರೆ ಮನೇಲ್ ಏಳ್ತಾರೆ ಕಣ್ಲಾ. ಅಮ್ಮಾವ್ರೇ ಕಳ್ಸವ್ರೆ, ಓಗಿ ಅವ್ರ್‌ಗೇಳಿ ಅಂತ.”

ನಗು ಬಂತು, ಅನುಮಾನ ಹೋಗಲಿಲ್ಲ.

ಕೆಟ್ಟದ್ದನ್ನು ಮೊದಲು ಹೇಳುವ ಕಟ್ಟಳೆ ನನಗೆ ಹಿಡಿಸಲಿಲ್ಲ. ನನ್ನ ಕೆಟ್ಟದ್ದನ್ನು ಎಂಟು ಜನರ ಮುಂದಿಡುವುದೆಂದರೆ ನನ್ನ ಜುಟ್ಟನ್ನು ಎಂಟು ಕೈಗೆ ಕೊಟ್ಟಂತೆ. ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡೆ. ಸಣ್ಣ ಸಣ್ಣ ಕೆಡುಕುಗಳನ್ನು ಕಟ್ಟಿ ಹೇಳುತ್ತಿದ್ದೆ. ಹುಳದ ಮನೆಯ ಚರಂಡಿ ಕಿಂಡಿಯಿಂದ ಇಲಿ ಬಂತು, ಗೂಡು ಕಟ್ಟಲು ಬಿಟ್ಟಿದ್ದ ಒಂದು ಚಂದ್ರಿಕೆಯ ಹುಳ ತಿಂದು ಹೋಯಿತು ಎಂದು ಒಂದು ಸಲ. ಸೊಪ್ಪು ಬಾಡಿತ್ತು ಎಂದು ಇನ್ನೊಂದು ಸಲ. ನಮ್ಮ ಮನೆಯಲ್ಲಿ ಎರಡು ಬೆಕ್ಕಿದ್ದವು, ಇಲಿಯ ಸುಳಿವೇ ಇರಲಿಲ್ಲ. ಅಗರದವನಾದರೋ ತಾನು ಕಿವಿಯ ಮೇಲೆ ಬೀಡಿ ಸಿಕ್ಕಿಸಿಕೊಂಡೇ ಹುಳಕ್ಕೆ ಸೊಪ್ಪು ಹಾಕಿದ್ದನ್ನೂ, ಬೀಡಿ ಜಾರಿ ತಟ್ಟೆಗೆ ಬಿದ್ದದ್ದನ್ನೂ, ಮಾರನೆಯ ದಿನ ಆ ತಟ್ಟೆಯ ಹುಳವೆಲ್ಲ ಹಸಿರು ಕಕ್ಕಿ ಸತ್ತದ್ದನ್ನೂ ಹಾವಭಾವದ ಸಮೇತ ಹೇಳಿದ್ದ. ಎಲ್ಲರೂ ನಕ್ಕರು. ಆದರೆ ಆವತ್ತಿನಿಂದ ನಮ್ಮಲ್ಲಿ ಯಾರೂ ಹುಳದ ಮನೆಯ ಹತ್ತಿರ ಬೀಡಿ ಒಯ್ಯಲಿಲ್ಲ.

ಒಳ್ಳೆಯದನ್ನು ಹೇಳುವ ಸರದಿ ಬಂದಾಗ ಮಾತ್ರ ನಾನು ದೊಡ್ಡ ಮನುಷ್ಯ. ಮೂವತ್ತು ವರ್ಷದ ಅನುಭವ ನನ್ನದು. ಹುಳಗಳು ಪೊರೆ ಬಿಡಲು ಸೊಪ್ಪು ಬಿಟ್ಟು ಕೂರುವುದನ್ನು ನಮ್ಮ ಕಡೆ ಜ್ವರ ಎನ್ನುತ್ತೇವೆ. ಜ್ವರ ಬಿಟ್ಟು ಎದ್ದ ಹುಳಕ್ಕೆ ಯಾವಾಗ ಸೊಪ್ಪು ಕೊಡಬೇಕು, ಯಾವಾಗ ಸುಣ್ಣ ಎರಚಬೇಕು ಎಂದು ಉಪನ್ಯಾಸವೇ ಮಾಡುತ್ತಿದ್ದೆ.

ಎರಡನೆಯ ವರ್ಷ ಒಬ್ಬ ಹೆಂಗಸು ಬಂದು ಸೇರಿದಳು. ಹನೂರು ದಾಟಿ ಒಡೆಯರಪಾಳ್ಯದ ರಸ್ತೆಯಲ್ಲಿ ಸಿಗುವ ಒಂದು ಸಣ್ಣ ಊರಿನವಳು. ಆ ಊರಲ್ಲಿ ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡ. ವಯಸ್ಸು ಮೂವತ್ತರ ಒಳಗೆ. ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ಮೊದಲ ದಿನ ಜಗಲಿಯ ಮೇಲೆ ಕೂರದೆ ಕಂಬ ಹಿಡಿದು ನಿಂತೇ ಮಾತಾಡಿದಳು.

“ನಮ್ಮೂರಾಗೆ ಯಾರೂ ಉಳ ಸಾಕಲ್ಲ. ಕೇಳಾಕೆ ಯಾರೂ ಇಲ್ಲ. ನಮ್ ಮಾವ ಅರ್ಧ ಎಕ್ರೆ ಬುಟ್ಟವ್ರೆ. ಒಂದ್ ಬೆಳೆ ಕೆಟ್ರೂ ನೇರ್ಳೆ ಕಿತ್ತಾಕಿ ಮುಸುಕಿನ್ ಜ್ವಾಳ ಆಕ್ಬುಡ್ತೀನಿ ಅಂದವ್ರೆ.”

“ಕೆಡೋದು ಎಲ್ಲರಿಗೂ ಕೆಡುತ್ತೆ ತಾಯಿ” ಎಂದರು ಮೇಷ್ಟ್ರು. “ಹಾಗೇನಾದರೂ ಆದರೆ ನಾವು ಒಂಬತ್ತು ಜನವೂ ನಿಮ್ಮ ಮನೆಗೆ ಬಂದು ನಿಮ್ಮ ಮಾವನವರ ಹತ್ತಿರ ಮಾತಾಡ್ತೀವಿ. ನಮ್ಮ ತಪ್ಪುಗಳನ್ನೆಲ್ಲ ಅವರ ಮುಂದೆ ಹೇಳ್ತೀವಿ. ಕೇಳಿ ಕೇಳಿ ಅವರಿಗೇ ಸಾಕಾಗಬೇಕು.”

“ಕುಂತ್ಕಳವ್ವ ತಂಗಿ, ಕಂಬ ಬೀಳಲ್ಲ” ಎಂದ ಅಗರದವನು. ಆವತ್ತಿನಿಂದ ಅವನಿಗೆ ಅವಳು ತಂಗಿ. ನನಗೆ ಅವಳು ಆಯಮ್ಮ. ಬಹಳವೆಂದರೆ ಏನಮ್ಮ.

ಅವಳ ಹತ್ತಿರ ಒಂದು ಶಾಲೆಯ ನೋಟ್‌ಪುಸ್ತಕವಿತ್ತು. ನಾವು ಮಾತಾಡುತ್ತಿದ್ದಂತೆ ತಮಿಳಿನಲ್ಲಿ ಬರೆದುಕೊಳ್ಳುತ್ತಿದ್ದಳು. ನನಗೆ ತಮಿಳು ನಾಲ್ಕು ಮಾತು ಕಿವಿಗೆ ಗೊತ್ತು, ಅಕ್ಷರ ಗೊತ್ತಿಲ್ಲ. ನಾನು ಪಕ್ಕಕ್ಕೆ ಸರಿದು ಇಣುಕಿದರೆ ಪುಸ್ತಕ ಮುಚ್ಚುತ್ತಿದ್ದಳು. ನಾಚಿಕೆಗೆ ಮುಚ್ಚುತ್ತಿದ್ದಳು ಎಂದು ಈಗ ಅನ್ನಿಸುತ್ತದೆ. ಆಗ ಹಾಗೆ ಅನ್ನಿಸಲಿಲ್ಲ.

ಅವಳ ಮೊದಲ ಬೆಳೆ ಚೆನ್ನಾಗಿ ಬಂತು. ಎರಡನೆಯದು ಇನ್ನೂ ಚೆನ್ನಾಗಿ. ಮೂರನೆಯ ಬೆಳೆಯ ಹೊತ್ತಿಗೆ ಕೂಟ ಅವಳ ಮನೆಯಲ್ಲೇ ಸೇರಿತು. ಒಬ್ಬೊಬ್ಬರಾಗಿ ಬಾಗಿಲ ಬಳಿಯ ಬಕೆಟ್ಟಿನಲ್ಲಿ ಕಲಸಿಟ್ಟಿದ್ದ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ತೊಳೆದು ಒಳಗೆ ಹೋದೆವು. ಹುಳಗಳೆಲ್ಲ ಒಂದೇ ಅಳತೆ, ಒಂದೇ ಬಿಳುಪು. ಎಲ್ಲವೂ ಒಟ್ಟಿಗೇ ಜ್ವರ ಎದ್ದಿದ್ದವು. ಮೂವತ್ತು ವರ್ಷದಲ್ಲಿ ನನ್ನ ತಟ್ಟೆಗಳು ಅಷ್ಟು ಸಮನಾಗಿ ಎದ್ದದ್ದಿಲ್ಲ. ಚರಂಡಿ ಕಿಂಡಿಗೆ ಅವಳು ಕಬ್ಬಿಣದ ಜಾಲರಿ ಬಡಿದು, ಅದರ ಸುತ್ತ ಜಾಲಿ ಮುಳ್ಳು ಕಟ್ಟಿದ್ದಳು. ಅಂಥದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ಇದೇನೋ ಗುಟ್ಟು ಎಂದುಕೊಂಡೆ.

“ಏನಮ್ಮಾ, ಏನ್ ಆಕ್ತೀಯ ಉಳಕ್ಕೆ?” ಎಂದು ಕೇಳಿದೆ.

“ನೀವ್ ಏಳ್ದಂಗೇ ಮಾಡದಣ್ಣ” ಎಂದಳು.

ಅದು ನನ್ನನ್ನು ಆಡಿಕೊಂಡಂತೆ ಕೇಳಿಸಿತು. ಮನೆಗೆ ಬಂದು ಹೆಂಡತಿಯ ಮುಂದೆ ಹೇಳಿದೆ. ತಮಿಳುನಾಡಿನಿಂದ ಏನೋ ಪುಡಿ ತರಿಸುತ್ತಾಳೆ, ಅದನ್ನು ಆ ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ, ನಮ್ಮಿಂದ ತೆಗೆದುಕೊಳ್ಳುತ್ತಾಳೆ, ಕೊಡುವುದಿಲ್ಲ ಎಂದೆಲ್ಲ ಹೇಳಿದೆ.

ಹೆಂಡತಿ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ. “ನೀವೇನ್ ಕೊಟ್ಟಿದ್ದೀರಿ? ಇಲೀನಾ?” ಎಂದಳು.

ಅವಳಿಗೆ ನನ್ನ ಇಲಿಯ ಕತೆ ಗೊತ್ತಿತ್ತು. ಅಗರದವನ ಹೆಂಡತಿ “ನಿಮ್ಮನೇಲಿ ಇಲಿ ಕಾಟ ತೀರ್ತಾ?” ಎಂದು ಕೇಳಿದ್ದಳಂತೆ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಹುಳದ ಮನೆಗೆ ಹಾಲು ರೋಗ ಬಂತು. ಹುಳದ ಮೈ ಉಬ್ಬಿ ಹೊಳೆಯುತ್ತದೆ, ನಿಂತಲ್ಲಿ ನಿಲ್ಲದೆ ತಟ್ಟೆಯ ಅಂಚಿಗೆ ಹರಿದಾಡುತ್ತದೆ, ಕೊನೆಗೆ ಚರ್ಮ ಒಡೆದು ಹಾಲಿನಂಥದ್ದು ಸೋರುತ್ತದೆ. ಆ ಒಂದು ತೊಟ್ಟು ನೂರು ಹುಳಕ್ಕೆ ಸಾಕು. ಮೊದಲ ದಿನವೇ ಕೂಟಕ್ಕೆ ಹೇಳಬೇಕಿತ್ತು. ಮೇಷ್ಟ್ರಿಗೆ ಒಂದು ಫೋನ್ ಮಾಡಿದರೆ ಸಾಕಿತ್ತು. ಹೆಂಡತಿ ಎರಡು ಸಲ ಹೇಳಿದಳು. “ಎಲ್ಲಾರ್ಗೂ ಪಾಠ ಏಳೋನ್ ಮನೇಲಿ ಆಲುಳ ಅಂತ ಊರೆಲ್ಲ ಆಡ್ಕತಾರೆ” ಎಂದೆ. “ಆಡ್ಕಂಡ್ರೆ ಆಡ್ಕಳ್ಳಿ” ಎಂದಳು ಅವಳು. ನಾನು ಬಾಗಿಲು ಹಾಕಿಕೊಂಡು ರೋಗದ ಹುಳಗಳನ್ನು ಕೈಯಲ್ಲೇ ಆರಿಸಿ ಸುಣ್ಣದ ಡಬ್ಬಿಗೆ ಹಾಕಿದೆ. ಕೈಗೆ ಹತ್ತಿದ್ದನ್ನು ಹೆಗಲ ಮೇಲಿನ ಟವೆಲ್ಲಿಗೆ ಒರೆಸಿಕೊಂಡೆ.

ಹಾಗೆ ಹುಳ ಆರಿಸುತ್ತಿದ್ದಾಗಲೇ ನನಗೆ ಆಯಮ್ಮನ ಪುಸ್ತಕ ನೆನಪಾಯಿತು. ಅವಳ ಹುಳಕ್ಕೆ ಯಾವ ರೋಗವೂ ಬಂದಿಲ್ಲ. ಇದಕ್ಕೆ ಮದ್ದು ಅದರಲ್ಲಿ ಇದ್ದೇ ಇರಬೇಕು. ಅದೇ ಹೆಗಲು, ಅದೇ ಟವೆಲ್ಲು, ಅದೇ ಪಂಚೆಯಲ್ಲಿ ಎದ್ದು ಕೊಳ್ಳೇಗಾಲದ ಬಸ್ಸು ಹತ್ತಿದೆ. ಅಲ್ಲಿಂದ ಹನೂರು. ಹನೂರಿನಿಂದ ಇನ್ನೊಂದು ಬಸ್ಸು. ಬೀಗರ ಮನೆಗೆ ಹೋಗುತ್ತೇನೆ ಎಂದು ಹೆಂಡತಿಗೆ ಹೇಳಿದ್ದೆ.

ಮಧ್ಯಾಹ್ನ ಆಗಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ತೋಟ ಮನೆಯ ಹಿಂದೆಯೇ. ಅವಳು ಸೊಪ್ಪು ಕೊಯ್ಯುವ ಸದ್ದು ಕೇಳುತ್ತಿತ್ತು, ಕಾಣುತ್ತಿರಲಿಲ್ಲ. ಕೂಗಿದ್ದರೆ ಬರುತ್ತಿದ್ದಳು. ನಾನು ಕೂಗಲಿಲ್ಲ. ಹುಳದ ಮನೆಗೆ ಬರಿಯ ಚಿಲಕ, ಬೀಗವಿಲ್ಲ. ಬಾಗಿಲ ಬಳಿ ಬಕೆಟ್ಟು ಇತ್ತು, ತುಂಬ ನೀರಿತ್ತು. ಕಾಲು ತೊಳೆದರೆ ಒದ್ದೆ ಹೆಜ್ಜೆ ಒಳಗೆಲ್ಲ ಮೂಡುತ್ತದೆ, ಯಾರೋ ಬಂದಿದ್ದರೆಂದು ತಿಳಿಯುತ್ತದೆ. ಕಳ್ಳನ ತಲೆ ಹೇಗೆಲ್ಲ ಓಡುತ್ತದೆ ನೋಡಿ. ಚಪ್ಪಲಿ ಬಿಟ್ಟು, ತೊಳೆಯದ ಕಾಲಿನಲ್ಲೇ ಒಳಗೆ ಹೋದೆ.

ತಟ್ಟೆಗಳ ಕೆಳಗೆ ನೋಡಿದೆ. ಡಬ್ಬಿಗಳ ಮುಚ್ಚಳ ತೆಗೆದು ಮೂಸಿದೆ. ಸುಣ್ಣ, ನಾವೆಲ್ಲ ತರುವ ಅದೇ ಪುಡಿ, ಬೇರೇನಿಲ್ಲ. ಎರಡು ಹುಳ ಎತ್ತಿ ಅಂಗೈಯಲ್ಲಿಟ್ಟು ನೋಡಿದೆ, ಗಟ್ಟಿಯಾಗಿದ್ದವು. ಬಗ್ಗಿದಾಗ ಟವೆಲ್ಲು ಜಾರಿ ತಟ್ಟೆಯ ಸೊಪ್ಪಿನ ಮೇಲೆ ಬಿತ್ತು. ಎತ್ತಿ ಕೊಡವಿ ಹೆಗಲಿಗೆ ಹಾಕಿಕೊಂಡೆ. ಗೋಡೆಯ ಮೊಳೆಗೆ ನೇತುಹಾಕಿದ್ದ ಚೀಲದಲ್ಲಿ ಪುಸ್ತಕ ಸಿಕ್ಕಿತು. ಪಂಚೆಯ ಒಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಹೊರಗೆ ಬಂದು ಚಿಲಕ ಹಾಕಿ ನಾಲ್ಕು ಹೆಜ್ಜೆ ಇಟ್ಟಿರಬೇಕು, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಅವಳು ಬಂದಳು.

“ಅಯ್ಯೋ ಅಣ್ಣ, ಯಾವಾಗ್ ಬಂದ್ರಿ? ಕೂಗ್ಬಾರ್ದಾ?”

“ಈಗ್ ಬಂದೆ ಕಣಮ್ಮ. ಇಲ್ಲೇ ಒಡೆಯರಪಾಳ್ಯದ ತಾವ ಬೀಗ್ರ ಮನೆಗೆ ಬಂದಿದ್ದೆ.”

ಹೊರೆ ಇಳಿಸಿದಳು. ಕುಡಿಯಲು ಮಜ್ಜಿಗೆ ತಂದಳು. ನಾನು ಕುಡಿಯುವಾಗ ಅವಳ ಕಣ್ಣು ಬಕೆಟ್ಟಿನ ಕಡೆ ಹೋಯಿತು. ನೀರು ಕಲಕಿರಲಿಲ್ಲ. ಆಮೇಲೆ ನನ್ನ ಕಾಲಿನ ಕಡೆ ಬಂತು. ಬೆರಳ ಸಂದಿಯಲ್ಲೆಲ್ಲ ಹುಳದ ಮನೆಯ ನೆಲದ ಬಿಳಿ ಸುಣ್ಣ. ಅದನ್ನು ನಾನು ಕಂಡದ್ದು ಬಸ್ಸಿನಲ್ಲಿ ಕೂತ ಮೇಲೆ. ಅವಳು ಕಂಡಳೋ ಇಲ್ಲವೋ ಗೊತ್ತಿಲ್ಲ. ಈ ಒಂದು ಮಾತನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೆಂದರೆ, ಅವಳ ಕಣ್ಣು ನಿಜವಾಗಿ ಯಾವ ಕಡೆ ಹೋಗಿತ್ತೆಂಬುದೇ ಈಗ ಮಸುಕಾಗಿದೆ.

ಪುಸ್ತಕ ಓದಿಸಿದ್ದು ಒಂದು ವಾರದ ಮೇಲೆ. ಕೊಳ್ಳೇಗಾಲದಲ್ಲಿ ತಮಿಳು ಬಲ್ಲ ಒಬ್ಬ ದರ್ಜಿ ನನಗೆ ಪರಿಚಯ. ನೆಂಟರೊಬ್ಬರ ಪುಸ್ತಕ, ನನಗೆ ಓದಲು ಬಾರದು ಎಂದು ಅವನಿಗೂ ಸುಳ್ಳು ಹೇಳಿದೆ. ಅವನು ಹೊಲಿಗೆ ಯಂತ್ರದ ಮೇಲೆ ಪುಸ್ತಕ ಬಿಡಿಸಿಟ್ಟುಕೊಂಡು, ಓದಿ ಓದಿ ಕನ್ನಡದಲ್ಲಿ ಹೇಳತೊಡಗಿದ.

“ಇದೇನ್ ಸಾ, ಒಂದೊಂದ್ ಪುಟಕ್ಕೂ ಒಬ್ಬೊಬ್ರ ಊರ್ ಬರ್ದವ್ರೆ. ಅಗರದ ಅಣ್ಣ ಅಂತ ಒಂದ್ ಪುಟ. ಅದ್ರಾಗೆ ಬೀಡಿ ಅಂತ ಒಂದೇ ಮಾತು, ಕೆಳ್ಗೆ ಎರಡು ಗೆರೆ.” ದರ್ಜಿ ನಕ್ಕ. “ಮಾಂಬಳ್ಳಿ ಅಣ್ಣ ಅಂತ ಆರ್ ಪುಟ ಐತೆ. ಯಾರ್ ಸಾ ಅವ್ರು?”

ಯಾರೋ ಗೊತ್ತಿಲ್ಲ, ಓದು ಎಂದೆ.

ಆರು ಪುಟ ಓದಿದ. ನಾನು ಮಾಡಿದ ಉಪನ್ಯಾಸಗಳು. ಜ್ವರ ಎಲ್ಲ ಹುಳಕ್ಕೂ ಬಿಡುವ ತನಕ ಸೊಪ್ಪು ಹಾಕಬೇಡ, ಮೊದಲು ಎದ್ದವು ಕಾಯಲಿ. ಅದರ ಪಕ್ಕದಲ್ಲಿ: ಮಾಡಿದೆ, ಸರಿಯಾಯಿತು. ಮಾಂಬಳ್ಳಿ ಅಣ್ಣನ ಮನೆಯಲ್ಲಿ ಚರಂಡಿ ಕಿಂಡಿಯಿಂದ ಇಲಿ ಬಂತು. ಅದರ ಪಕ್ಕದಲ್ಲಿ: ಜಾಲರಿ ಬಡಿಸಿದೆ, ಮುಳ್ಳು ಕಟ್ಟಿದೆ. ನಾನು ಕಟ್ಟಿದ ಸುಳ್ಳಿಗೂ ಅವಳು ತಡೆ ಕಟ್ಟಿಕೊಂಡಿದ್ದಳು. ಆಮೇಲೆ ಒಂದು ಸಾಲು ಬಂತು. ಯಾರೇ ಬರಲಿ, ಮೇಷ್ಟ್ರೇ ಬರಲಿ, ಕಾಲು ತೊಳೆಯದೆ ಒಳಗೆ ಬಿಡಬೇಡ, ಮಾಂಬಳ್ಳಿ ಅಣ್ಣ ಹೇಳಿದ್ದು.

ಗುಟ್ಟು ಅಷ್ಟೇ. ನಾವು ಒಂಬತ್ತು ಜನ ಹೇಳಿದ್ದನ್ನು ಹೇಳಿದಂತೆ ಮಾಡಿದವಳು ಅವಳೊಬ್ಬಳೇ. ನಾವೆಲ್ಲ ಹೇಳಿ ಎದ್ದು ಹೋಗುತ್ತಿದ್ದೆವು.

ದರ್ಜಿ ಕೊನೆಯ ಪುಟ ಓದಿದ. ಅದು ಅವಳ ಹೆಸರಿಗೆ ಅವಳೇ ಬರೆದುಕೊಂಡ ಕೆಟ್ಟದ್ದು. ಎರಡು ದಿನ ಸೊಪ್ಪು ಸಾಲದೆ ಹನೂರಿನ ಹತ್ತಿರದ ಒಂದು ತೋಟದಿಂದ ಸೊಪ್ಪು ತಂದೆ, ಯಾರನ್ನೂ ಕೇಳಲಿಲ್ಲ, ತಪ್ಪು, ಮುಂದಿನ ಕೂಟದಲ್ಲಿ ಹೇಳಬೇಕು.

ಹೊರಗಿನ ಸೊಪ್ಪು ತರುವುದಾದರೆ ಕೂಟಕ್ಕೆ ಮೊದಲೇ ತಿಳಿಸಬೇಕು ಎಂದು ಮಾತಾಗಿತ್ತು. ಸೊಪ್ಪಿನ ಜೊತೆಗೂ ರೋಗ ಬರುತ್ತದೆ.

ಪುಸ್ತಕ ತೆಗೆದುಕೊಂಡು ಬಂದೆ. ನಾನು ಎಷ್ಟು ಕೆಟ್ಟವನೆಂದು ಆವತ್ತೇ ನನಗೆ ತಿಳಿದಿತ್ತು. ತಿಳಿಯದೆ ಮಾಡಿದೆ ಎಂದು ಯಾರಾದರೂ ನನ್ನ ಪರವಾಗಿ ಹೇಳಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮುಂದಿನ ಕೂಟ ಅಗರದವನ ಜಗಲಿಯಲ್ಲಿ. ಸರದಿ ಎಡಗಡೆಯಿಂದ. ಮೊದಲನೆಯವನು ಏನೋ ಹೇಳಿದ. ಎರಡನೆಯವಳು ಅವಳು. ಸೀರೆಯ ಸೆರಗಿನ ಗಂಟು ಬಿಚ್ಚಿ ಒಂದು ಬೆಂಕಿಪೊಟ್ಟಣ ತೆಗೆದಳು. ರೋಗದ ಹುಳ ತಂದು ತೋರಿಸಬೇಕಾದರೆ ನಾವೆಲ್ಲ ಬೆಂಕಿಪೊಟ್ಟಣದಲ್ಲೇ ತರುತ್ತಿದ್ದೆವು. ಪೊಟ್ಟಣ ತೆರೆದಳು. ಉಬ್ಬಿ ಹೊಳೆಯುವ ಎರಡು ಹುಳ, ಒಂದು ಒಡೆದಿತ್ತು.

“ನಂದು ಕೆಟ್ಟೋಯ್ತು ಮೇಷ್ಟ್ರೇ. ಆಲುಳ. ನಾಕ್ ದಿನ್ದಾಗೆ ಎಲ್ಲಾ ತಟ್ಟೆಗೂ ಬಂದ್ಬುಡ್ತು. ನಮ್ ಮಾವ ಗುದ್ದಲಿ ತೆಗ್ದು ಮಡಗವ್ರೆ. ನೀವ್ ಬತ್ತೀವಿ ಅಂದಿದ್ರಲ್ಲ…”

“ಬರ್ತೀವಿ ತಾಯಿ. ಎಲ್ಲಿಂದ ಬಂತು ಅಂತ ಮೊದಲು ಹುಡುಕೋಣ. ನಿಮ್ಮ ಕೈ ತಪ್ಪಲ್ಲ ಅಂತ ಮಾವನವರಿಗೆ ತೋರಿಸಬೇಕಲ್ಲ. ಹುಳದ ಮನೆಗೆ ಹೊರಗಿನವರು ಯಾರಾದರೂ ಬಂದಿದ್ದರಾ?”

ಅವಳು ತಲೆ ತಗ್ಗಿಸಿದಳು. ಪೊಟ್ಟಣವನ್ನೇ ನೋಡುತ್ತಿದ್ದಳು. ಅವಳ ಉತ್ತರ ನನ್ನ ಕಡೆಗೇ ಬರುತ್ತಿದೆ ಎನ್ನಿಸಿತು. ಅದು ಬರುವ ಮೊದಲೇ ನಾನು ಬಾಯಿ ತೆರೆದೆ.

“ಸೊಪ್ಪು ಎಲ್ಲಿಂದ ತಂದ್ಲು ಕೇಳಿ ಮೇಷ್ಟ್ರೇ.”

ಎಲ್ಲರೂ ನನ್ನ ಕಡೆ ತಿರುಗಿದರು. ಅವಳೂ ತಲೆಯೆತ್ತಿದಳು.

“ಆಮಾಣ್ಣ, ಔದು. ಎರಡ್ ದಿನ ಒರ್ಗಿನ್ ಸೊಪ್ಪು ತಂದೆ. ಅದ್ನೇ ಇವತ್ತು ಏಳನ ಅಂತ…”

“ಇವತ್ತ್ಯಾಕೆ? ತಂದ್ ದಿನ ಬಾಯಿರ್ಲಿಲ್ವಾ? ಕೆಟ್ಟೋದ್ ಮೇಲೆ ಏಳೋದಾ?”

“ಲೇ, ತಡಿಯೋ” ಎಂದ ಅಗರದವನು. “ನಿಂಗೆಂಗ್ಲಾ ಗೊತ್ತಾಯ್ತು?”

“ಅನೂರಲ್ಲಿ ಯಾರೋ ಅಂದ್ರು.”

ಜಗಲಿಯಲ್ಲಿ ಗುಸುಗುಸು ಶುರುವಾಯಿತು. ಇವಳೇ ಹೀಗೆ ಮುಚ್ಚಿಟ್ಟಳಲ್ಲ ಎಂದು ಒಬ್ಬರು. ಪುಸ್ತಕದಲ್ಲಿ ಏನೇನು ಬರೆದಿದ್ದಾಳೋ ಎಂದು ಇನ್ನೊಬ್ಬರು. ಆ ಮಾತು ನಾನೇ ಹಿಂದೆ ಅವರ ಕಿವಿಗೆ ಹಾಕಿದ್ದು. ಮೇಷ್ಟ್ರು ಕೈಯೆತ್ತಿ ಸುಮ್ಮನಿರಿಸಿ, “ಆದರೂ ನಾವು ಹೋಗಿ ಮಾತಾಡಬೇಕು” ಎಂದರು. ಆಗ ನಾನು ಹೇಳಿದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ.

“ಓಗಿ ಏನಂತ ಏಳೋದು ಮೇಷ್ಟ್ರೇ? ಅವಳ್ ತಪ್ಪಲ್ಲ ಅಂತ ಸುಳ್ ಏಳೋದಾ?”

ಮೇಷ್ಟ್ರು ನೋಡೋಣ ಎಂದರು. ಅವರು ನೋಡೋಣ ಎಂದರೆ ಹೋಗುವುದಿಲ್ಲ ಎಂದೇ ಅರ್ಥ, ಅದು ನಮಗೆಲ್ಲ ಗೊತ್ತಿತ್ತು.

ಅವಳು ಬೆಂಕಿಪೊಟ್ಟಣ ಮುಚ್ಚಿ ಸೆರಗಿಗೆ ಗಂಟು ಹಾಕಿಕೊಂಡಳು. “ಇನ್ನೊಂದ್ ಕೆಟ್ಟದ್ದೈತೆ, ಅದ್ನೂ ಏಳ್ಬುಡ್ತೀನಿ” ಎಂದಳು. ಧ್ವನಿ ಮೊದಲಿನಂತೆಯೇ ಇತ್ತು. “ಸೊಪ್ಪಿನ್ ಇಚಾರ ನಾನ್ ಯಾರ್ಗೂ ಏಳಿರ್ಲಿಲ್ಲ, ಪುಸ್ತಕ್ದಾಗೆ ಬರ್ದಿದ್ದೆ ಅಷ್ಟೆ. ಆ ಪುಸ್ತಕ ಕಾಣೆಯಾಗೈತೆ.”

ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ನನ್ನ ಕಾಲು ನೋಡಿದಳು. ನಾನು ಪಂಚೆಯ ಅಂಚು ಎಳೆದು ಕಾಲು ಮುಚ್ಚಿಕೊಂಡೆ. ಅಗರದವನು ನನ್ನನ್ನೇ ನೋಡುತ್ತಿದ್ದ. ಆವತ್ತಿನಿಂದ ಅವನು ನನ್ನನ್ನು ಲೇ ಎನ್ನುವುದನ್ನು ಬಿಟ್ಟ. ನೀವು, ಬನ್ನಿ, ಹೋಗಿ ಎನ್ನತೊಡಗಿದ.

ಹತ್ತು ದಿನದಲ್ಲಿ ಅವಳ ನೇರಳೆ ಕಿತ್ತರು ಎಂದು ಅವನೇ ಹೇಳಿದ್ದು. ಅವನೊಬ್ಬನೇ ಹೋಗಿದ್ದನಂತೆ. ಒಬ್ಬನ ಮಾತನ್ನು ಆ ಮಾವ ಕೇಳಲಿಲ್ಲ. ಒಂಬತ್ತು ಜನ ಹೋಗಬೇಕಿತ್ತು. ಅಥವಾ ನಾನೊಬ್ಬ ಹೋಗಿ, ರೋಗ ತಂದವನು ನಾನು, ನಿಮ್ಮ ಸೊಸೆಯ ಕೈಯಲ್ಲಿ ತಪ್ಪಿಲ್ಲ ಎಂದಿದ್ದರೆ ಸಾಕಿತ್ತು. ಹೊರಗಿನ ಸೊಪ್ಪಿನಿಂದಲೂ ಬಂದಿರಬಹುದಲ್ಲ ಎಂದು ಒಮ್ಮೊಮ್ಮೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೇ ಸೊಪ್ಪು ತಿಂದ ಇನ್ನೆರಡು ಮನೆಯ ಹುಳ ಚೆನ್ನಾಗಿಯೇ ಗೂಡು ಕಟ್ಟಿದವು ಎಂದು ಆಮೇಲೆ ವಿಚಾರಿಸಿ ತಿಳಿದುಕೊಂಡವನೂ ನಾನೇ.

ಅವಳು ಮತ್ತೆ ಕೂಟಕ್ಕೆ ಬರಲಿಲ್ಲ. ಕೂಟ ಇನ್ನೂ ಆರು ತಿಂಗಳು ನಡೆಯಿತು. ಆದರೆ ಕೆಟ್ಟದ್ದು ಹೇಳುವ ಸರದಿಯಲ್ಲಿ ಎಲ್ಲರ ಮನೆಗೂ ಇಲಿ ಬರತೊಡಗಿತು. ಒಬ್ಬರಿಗೆ ಸೊಪ್ಪು ಬಾಡಿತು, ಒಬ್ಬರಿಗೆ ಜಾಲರಿ ಹರಿಯಿತು. ಕೇಳುತ್ತ ಕೂತರೆ ನನ್ನದೇ ಧ್ವನಿ ಎಂಟು ಬಾಯಿಂದ ಬಂದಂತೆ ಆಗುತ್ತಿತ್ತು. ಹೇಳಿದ ತಪ್ಪು ನಾಳೆ ನಮ್ಮ ಮೇಲೇ ತಿರುಗುತ್ತದೆ ಎಂದು ಎಲ್ಲರೂ ಕಲಿತುಬಿಟ್ಟಿದ್ದರು. ಅದನ್ನು ಕಲಿಸಿದವನು ನಾನು. ಮೇಷ್ಟ್ರು ಒಂದು ದಿನ ಎಲ್ಲರ ಮಾತೂ ಕೇಳಿಸಿಕೊಂಡು, ಕನ್ನಡಕ ಒರೆಸಿಕೊಂಡು, “ನಮ್ಮ ಹುಳಕ್ಕೆ ಈಗ ಯಾವ ರೋಗವೂ ಇಲ್ಲ ಅಂತಾಯ್ತು” ಎಂದರು. ಮುಂದಿನ ದಿನಾಂಕ ಹೇಳಲಿಲ್ಲ. ಯಾರೂ ಕೇಳಲಿಲ್ಲ. ಈಗ ಅವರಿಲ್ಲ.

ನಾಲ್ಕು ವರ್ಷದ ಹಿಂದೆ, ಹೆಂಡತಿ ತೀರಿಕೊಂಡ ಮೇಲೆ, ನಾನು ಆ ಊರಿಗೆ ಹೋದೆ. ಹೆಂಡತಿಗೆ ಎಲ್ಲ ಗೊತ್ತಿತ್ತು. ಪೆಟ್ಟಿಗೆಯಲ್ಲಿದ್ದ ಆ ಪುಸ್ತಕವನ್ನು ಅವಳು ವರ್ಷಕ್ಕೊಮ್ಮೆ ಬಟ್ಟೆಗಳ ಜೊತೆ ಬಿಸಿಲಿಗೆ ಹಾಕುತ್ತಿದ್ದಳು. ಅದನ್ನು ಚೀಲದಲ್ಲಿಟ್ಟುಕೊಂಡು ಹೊರಟೆ. ಬಸ್ಸಿನಲ್ಲಿ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ.

ಹುಳದ ಮನೆ ಹಾಗೇ ಇತ್ತು. ಒಳಗೆ ತಟ್ಟೆಯ ಅಟ್ಟಣೆಗಳ ಮೇಲೆ ಜೋಳದ ತೆನೆ ಹರಡಿದ್ದರು. ಬಾಗಿಲ ಬಳಿ ಒಂದು ಬಕೆಟ್ಟು ನೀರಿತ್ತು. ಅವಳು ಜೋಳ ಬಿಡಿಸುತ್ತ ಕೂತಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು, “ಬನ್ನಿ ಅಣ್ಣ” ಎಂದಳು. ನಾನು ಏನೂ ಯೋಚಿಸಲಿಲ್ಲ. ಚಪ್ಪಲಿ ಬಿಟ್ಟು ಬಗ್ಗಿ, ಬಕೆಟ್ಟಿನ ನೀರು ತೆಗೆದು ಒಂದು ಕಾಲು ತೊಳೆದೆ, ಇನ್ನೊಂದು ತೊಳೆದೆ, ಬೆರಳ ಸಂದಿಯನ್ನೆಲ್ಲ ಉಜ್ಜಿ ತೊಳೆದೆ. ಅವಳು ನಿಂತು ನೋಡುತ್ತಿದ್ದಳು.

“ಈಗ ಉಳ ಇಲ್ಲ ಕಣಣ್ಣ” ಎಂದಳು. “ಈಗ ತೊಳೀದಿದ್ರೂ ಆಯ್ತದೆ.”

ಅಷ್ಟು ಹೇಳಿ ಕೂರಲು ಮಣೆ ಕೊಟ್ಟಳು. ಮಜ್ಜಿಗೆ ತಂದಳು. ನಾನು ಕುಡಿದೆ. ಚೀಲ ನನ್ನ ತೊಡೆಯ ಮೇಲಿತ್ತು. ಈಗ ಹೇಳುತ್ತೇನೆ, ಈ ತೆನೆ ಮುಗಿಯಲಿ ಹೇಳುತ್ತೇನೆ ಎಂದುಕೊಳ್ಳುತ್ತ ಅವಳ ಕೈಯಲ್ಲಿ ನಾಲ್ಕು ತೆನೆ ಬರಿದಾಗುವುದನ್ನು ನೋಡಿದೆ. ಹೇಳಿದರೆ ಇವಳು ನನ್ನನ್ನು ಏನು ಮಾಡಬಹುದು, ಯಾರಿಗೆ ಹೇಳಬಹುದು ಎಂದು ಆಗಲೂ ನನ್ನ ತಲೆ ಅನುಮಾನಿಸುತ್ತಿತ್ತು. ಕೊನೆಗೆ, “ಅನೂರಿಗೆ ಬಸ್ ಎಷ್ಟೊತ್ಗಮ್ಮ?” ಎಂದು ಕೇಳಿದೆ.

“ಈಗ್ ಬತ್ತದೆ. ಓಡಿ” ಎಂದಳು.

ಓಡಿದೆ. ಪುಸ್ತಕ ನನ್ನ ಜೊತೆಯಲ್ಲೇ ವಾಪಸು ಬಂತು. ಇದನ್ನು ಬರೆಯುವಾಗ ಪಕ್ಕದಲ್ಲಿದೆ. ಬಿಸಿಲಿಗೆ ಹಾಕುವವರಿಲ್ಲದೆ ಅಂಚಿಗೆ ಹುಳ ಹಿಡಿದಿದೆ.

ಎಳೆಯರೇ, ನೀವು ಕೇಳಿದ್ದು ಕೂಟ ಹೇಗೆ ನಡೆಯುತ್ತಿತ್ತು ಎಂದು. ಹೀಗೆ ನಡೆಯಿತು, ಹೀಗೆ ನಿಂತಿತು. ಇದನ್ನು ನಿಮ್ಮ ಜಗಲಿಯಲ್ಲಿ ನನ್ನ ಸರದಿಯ ಕೆಟ್ಟದ್ದು ಎಂದು ಓದಿ. ಪುಸ್ತಕವನ್ನು ನಿಮ್ಮ ಕೈಯಲ್ಲಿ ಕಳಿಸಬೇಕೆಂದಿದ್ದೆ, ಅದೂ ಇನ್ನೊಂದು ಕಳ್ಳ ದಾರಿ. ಕೊಟ್ಟರೆ ನಾನೇ ಕೊಡಬೇಕು.

ಕೆಟ್ಟದ್ದನ್ನು ಹೇಳಿದರೆ ಸಾಲದು, ಅದು ಯಾರಿಗೆ ತಗುಲಿತು ಎಂಬುದನ್ನೂ ಹೇಳಿ ಮುಗಿಸಬೇಕು ಎಂದು ಮೇಷ್ಟ್ರು ಹೇಳುತ್ತಿದ್ದರು. ಅವಳು ತನ್ನ ಪುಸ್ತಕದಲ್ಲಿ ನಮ್ಮನ್ನೆಲ್ಲ ಬರೆದುಕೊಂಡಿದ್ದ ರೀತಿಯಲ್ಲೇ, ಇದುವರೆಗೆ ನನ್ನ ಬಾಯಲ್ಲಿ ಬಾರದ ಮಾತಿನಲ್ಲಿ ಬರೆಯುತ್ತೇನೆ. ನಾನು ತಪ್ಪಾಯಿತು ಎಂದು ಹೇಳದೆ ಉಳಿದದ್ದು ಒಬ್ಬಳಿಗೆ: ಹನೂರು ಕಡೆಯ ತಂಗಿ.